ನಾಮ್‌ಪೆನ್‌ಗೆ ಮೊದಲ ಪ್ರವಾಸ: ಹಂತ ಹಂತವಾಗಿ

ಕಾಂಬೋಡಿಯಾಕ್ಕೆ ಹೊರಟವರ ಟೂರ್ ಪ್ಲಾನ್ ಕೇಳಿ ನೋಡಿ. ಅಂಕೋರ್‌ವಾಟ್‌ಗೆ ನಾಲ್ಕು ದಿನ, ರಾಜಧಾನಿ ನಾಮ್‌ಪೆನ್‌ಗೆ ಒಂದು ರಾತ್ರಿ, ಅದೂ ವಿಮಾನದ ಸಮಯ ಹೊಂದಲಿಲ್ಲ ಅಂತ. ನನ್ನ ಪ್ರಕಾರ ಇದು ಆ ಊರಿಗೆ ಮಾಡುವ ಅನ್ಯಾಯ. ಮೆಕಾಂಗ್ ನದಿಗೆ ತೊನ್ಲೆ ಸಾಪ್ ಬಂದು ಸೇರಿ, ಅಲ್ಲೇ ಬಸಾಕ್ ಕವಲೊಡೆಯುವ ಜಾಗದಲ್ಲಿ ಕೂತಿರುವ ಊರು ಅದು. ಕನಿಷ್ಠ ಮೂರು ಪೂರ್ತಿ ದಿನ ಇಟ್ಟುಕೊಳ್ಳಿ. ವಿದೇಶಕ್ಕೆ ಇದೇ ಮೊದಲ ಸಲವೇ? ಭಯಪಡಬೇಡಿ, ಒಂದೊಂದೇ ಕೆಲಸ ಮುಗಿಸುತ್ತಾ ಹೋಗೋಣ.

ಹಂತ 1: ತಿಂಗಳು ಆರಿಸಿ

ಟಿಕೆಟ್ ದರ ಆಮೇಲೆ ನೋಡೋಣ, ಮೊದಲು ನದಿಯನ್ನು ನೋಡಿ. ಮಳೆಗಾಲದಲ್ಲಿ ಮೆಕಾಂಗ್ ಎಷ್ಟು ತುಂಬುತ್ತದೆಂದರೆ, ತೊನ್ಲೆ ಸಾಪ್ ನದಿಯನ್ನು ಹಿಂದಕ್ಕೆ ನೂಕಿಬಿಡುತ್ತದೆ. ನೀರು ಹಿಮ್ಮುಖವಾಗಿ ಹರಿದು ಮೇಲಿನ ದೊಡ್ಡ ಸರೋವರವನ್ನು ತುಂಬುತ್ತದೆ. ಮಳೆ ನಿಂತ ಮೇಲೆ ಮತ್ತೆ ದಿಕ್ಕು ಬದಲಿಸಿ ಕೆಳಗೆ ಹರಿಯುತ್ತದೆ. ಆ ಹೊತ್ತಿಗೇ ಬರುವುದು ಬೊನ್ ಓಂ ತುಕ್ ಎಂಬ ನೀರಿನ ಹಬ್ಬ, ಸಾಮಾನ್ಯವಾಗಿ ನವೆಂಬರ್ ಹುಣ್ಣಿಮೆಗೆ. ಅರಮನೆಯ ಎದುರು ಉದ್ದುದ್ದ ದೋಣಿಗಳ ಪಂದ್ಯ ನಡೆಯುತ್ತದೆ. ಜನಜಂಗುಳಿ ಆಗುತ್ತದೆ ಅನ್ನುವವರು ಹಬ್ಬ ಕಳೆದು ಒಂದು ವಾರ ಬಿಟ್ಟು ಹೋಗಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಒಣ, ಓಡಾಡಲು ಹಿತ.

ಎಚ್ಚರ: ಏಪ್ರಿಲ್ ಮಧ್ಯದಲ್ಲಿ ಖ್ಮೇರ್ ಹೊಸವರ್ಷ. ಬಿಸಿಲೂ ಜೋರು, ಊರೂ ಖಾಲಿ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಪ್ಚುಮ್ ಬೆನ್, ಅಂದರೆ ಅವರ ಪಿತೃಪಕ್ಷ. ನಮ್ಮ ಹಾಗೇ ಹದಿನೈದು ದಿನ, ನಮ್ಮ ಹಾಗೇ ಅನ್ನದ ಉಂಡೆ. ಕೊನೆಯ ದಿನಗಳಲ್ಲಿ ಎಲ್ಲರೂ ಹಳ್ಳಿಗೆ ಹೋಗುವುದರಿಂದ ಅಂಗಡಿಗಳು ಮುಚ್ಚಿರುತ್ತವೆ.

ಹಂತ 2: ಪಾಸ್‌ಪೋರ್ಟ್ ತೆಗೆದು ನೋಡಿ

ತಲುಪುವ ದಿನದಿಂದ ಆರು ತಿಂಗಳ ವಾಯಿದೆ ಇರಬೇಕು. ಖಾಲಿ ಪುಟ ಇರಬೇಕು. ಆಮೇಲೆ ಹೆಸರು. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮವರು ಎಡವುವುದು ಇಲ್ಲೇ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ, ಅಕ್ಷರ ಅಕ್ಷರ ಸೇರಿಸಿ, ಟಿಕೆಟ್‌ನಲ್ಲೂ ವೀಸಾದಲ್ಲೂ ಬರಬೇಕು. ನಿಮ್ಮದರಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ, ದುಡ್ಡು ಕಟ್ಟುವ ಮುಂಚೆ ಏರ್‌ಲೈನ್‌ಗೆ ಫೋನ್ ಮಾಡಿ ಏನು ತುಂಬಬೇಕೆಂದು ಕೇಳಿಕೊಳ್ಳಿ.

ಹಂತ 3: ಟಿಕೆಟ್ ತೆಗೆದುಕೊಳ್ಳಿ

ಬೆಂಗಳೂರಿನಿಂದ ಬ್ಯಾಂಕಾಕ್, ಕ್ವಾಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸಿ ಹೋಗಬಹುದು. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಬೇರೆ ಬೇರೆ ತೆಗೆದುಕೊಂಡರೆ ಸಾವಿರ, ಎರಡು ಸಾವಿರ ಉಳಿಯಬಹುದು. ಆದರೆ ಮಧ್ಯದ ಊರಲ್ಲಿ ಇಮಿಗ್ರೇಷನ್ ದಾಟಿ, ಲಗೇಜ್ ಎತ್ತಿಕೊಂಡು, ಮತ್ತೆ ಚೆಕ್-ಇನ್ ಮಾಡಬೇಕಾದೀತು. ಮೊದಲ ಸಲಕ್ಕೆ ಆ ಸಾಹಸ ಬೇಡ.

ಎಚ್ಚರ: 2025ರ ಸೆಪ್ಟೆಂಬರ್‌ನಿಂದ ವಿಮಾನಗಳು ಇಳಿಯುವುದು ಊರಿನ ದಕ್ಷಿಣಕ್ಕಿರುವ ಹೊಸ ಟೆಚೊ ವಿಮಾನ ನಿಲ್ದಾಣದಲ್ಲಿ. ಅದರ ಕೋಡ್ ಕೆಟಿಐ. ಹಳೆಯ ಗೈಡ್ ಪುಸ್ತಕಗಳಲ್ಲಿರುವ ಪಿಎನ್‌ಎಚ್ ನಿಲ್ದಾಣದ ದೂರ, ಆಟೋ ದರ ಯಾವುದೂ ಈಗ ಲೆಕ್ಕಕ್ಕೆ ಬಾರದು. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಹೋಗೋಣ ಎಂಬ ಯೋಚನೆಯನ್ನೂ ಬಿಡಿ. 2025ರ ಗಡಿ ಘರ್ಷಣೆಯಲ್ಲಿ ಥಾಯ್ಲೆಂಡ್ ಕಡೆಯ ಭೂಗಡಿ ಮುಚ್ಚಿತು. ಹೊರಡುವ ಮುಂಚೆ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನು ಒಮ್ಮೆ ಓದಿ.

ಹಂತ 4: ಇ-ವೀಸಾ ಅರ್ಜಿ ತುಂಬಿ

ಭಾರತೀಯರಿಗೆ ವೀಸಾ ಬೇಕು. ಪ್ರವಾಸಿ ವೀಸಾದಲ್ಲಿ 30 ದಿನ ಇರಬಹುದು, ಒಂದೇ ಸಲ ಪ್ರವೇಶ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರಿ ತಾಣದಂತೆಯೇ ಕಾಣುವ ಏಜೆಂಟ್ ತಾಣಗಳು ಮೇಲೆ ಬರುತ್ತವೆ, ಹೆಚ್ಚು ದುಡ್ಡು ಕೀಳುತ್ತವೆ. ವಿಳಾಸದ ಕೊನೆಗೆ ಡಾಟ್ ಗವ್ ಡಾಟ್ ಕೆಎಚ್ ಇದೆಯೇ ನೋಡಿ, ಇಲ್ಲದಿದ್ದರೆ ಪುಟ ಮುಚ್ಚಿ. ಬಂದ ವೀಸಾವನ್ನು ಎರಡು ಪ್ರತಿ ಪ್ರಿಂಟ್ ಹಾಕಿಸಿ.

ಇನ್ನೊಂದು ಮಾತು, ಸ್ವಲ್ಪ ಗಂಭೀರ. ‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ಅಲ್ಲಿ ಡೇಟಾ ಎಂಟ್ರಿ ಕೆಲಸ ಕೊಡಿಸುತ್ತೇವೆ’ ಎಂದು ಯಾರಾದರೂ ಹೇಳಿದರೆ ಹೋಗಲೇಬೇಡಿ. ಹೀಗೆ ಹೋದ ನಮ್ಮ ದೇಶದ ಹುಡುಗರು ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ಭಾರತೀಯ ರಾಯಭಾರ ಕಚೇರಿಯೇ ಈ ಬಗ್ಗೆ ಎಚ್ಚರಿಸಿದೆ.

ಹಂತ 5: ಇ-ಅರೈವಲ್ ತುಂಬಿ

ಇದು ವೀಸಾ ಅಲ್ಲ, ಬೇರೆಯೇ ಫಾರ್ಮ್. ಉಚಿತ. ತಲುಪುವುದಕ್ಕೆ ಮುಂಚಿನ ಏಳು ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬಿ, ಬರುವ ಕ್ಯೂಆರ್ ಕೋಡ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಹಂತ 6: ರೂಮ್ ಬುಕ್ ಮಾಡಿ

ಮ್ಯಾಪ್ ತೆರೆದು ಸಿಸೊವತ್ ಕೀ ಎಂದು ಹುಡುಕಿ. ಅದು ನದಿಯಂಚಿನ ರಸ್ತೆ. ಅಲ್ಲಿಂದ ಒಂದೆರಡು ರಸ್ತೆ ಒಳಗೆ, ಸ್ಟ್ರೀಟ್ 178ರ ಆಸುಪಾಸಿನಲ್ಲಿ ರೂಮ್ ಸಿಕ್ಕರೆ ಅರಮನೆ, ಮ್ಯೂಸಿಯಂ, ನದಿ ಮೂರಕ್ಕೂ ನಡೆದೇ ಹೋಗಬಹುದು. ರಸ್ತೆಗಳಿಗೆ ಸಂಖ್ಯೆಗಳೇ ಹೆಸರು. ಸರಿಸಂಖ್ಯೆಯವು ಪೂರ್ವ–ಪಶ್ಚಿಮ, ಬೆಸಸಂಖ್ಯೆಯವು ಉತ್ತರ–ದಕ್ಷಿಣ. ಇಷ್ಟು ಗೊತ್ತಿದ್ದರೆ ದಾರಿ ತಪ್ಪುವುದು ಕಷ್ಟ. ನದಿ ಬದಿಯ ಕೆಲವು ಗಲ್ಲಿಗಳಲ್ಲಿ ರಾತ್ರಿಯಿಡೀ ಬಾರ್‌ಗಳ ಗಲಾಟೆ ಇರುತ್ತದೆ, ರಿವ್ಯೂಗಳನ್ನು ಓದಿಯೇ ದುಡ್ಡು ಕಟ್ಟಿ.

ಹಂತ 7: ಡಾಲರ್ ಹೊಂದಿಸಿ

ಅಲ್ಲಿ ಅಮೆರಿಕನ್ ಡಾಲರ್ ಮತ್ತು ರಿಯಲ್ ಎರಡೂ ಓಡುತ್ತವೆ. ಒಂದು ಡಾಲರ್‌ಗೆ ಸುಮಾರು 4,000 ರಿಯಲ್. ಮೂರು ಡಾಲರ್ ಬಿಲ್ಲಿಗೆ ಐದರ ನೋಟು ಕೊಟ್ಟರೆ ಚಿಲ್ಲರೆ ರಿಯಲ್‌ನಲ್ಲಿ, ಸುಮಾರು 8,000 ಬರುತ್ತದೆ. ಅಷ್ಟು ಸೊನ್ನೆ ನೋಡಿ ಗಾಬರಿ ಬೇಡ.

ಎಚ್ಚರ: ಫಾರೆಕ್ಸ್ ಅಂಗಡಿಯಲ್ಲಿ ಒಂದೊಂದೇ ನೋಟನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಕೂದಲೆಳೆಯಷ್ಟು ಹರಿದಿದ್ದರೂ, ಪೆನ್ನಿನ ಗೀಟು ಇದ್ದರೂ ಅಲ್ಲಿನ ಅಂಗಡಿಯವರು ತಲೆಯಾಡಿಸಿ ವಾಪಸ್ ಕೊಡುತ್ತಾರೆ. ಮಡಚದೆ ಕವರಿನಲ್ಲಿಡಿ. ಚಿಕ್ಕ ನೋಟುಗಳನ್ನೇ ಹೆಚ್ಚು ಕೇಳಿ ಪಡೆಯಿರಿ. ಯುಪಿಐ ನೆಚ್ಚಿಕೊಂಡು ಹೋಗಬೇಡಿ.

ಹಂತ 8: ಇಳಿದ ಕೂಡಲೇ ಸಿಮ್ ಹಾಕಿಸಿ

ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿ ಸಿಮ್ ಪಡೆಯಿರಿ. ಗ್ರ್ಯಾಬ್ ಮತ್ತು ಪಾಸ್‌ಆ್ಯಪ್ ಡೌನ್‌ಲೋಡ್ ಮಾಡಿ. ಆ್ಯಪ್‌ನಲ್ಲಿ ರಿಕ್ಷಾ ಕರೆದರೆ ಎದುರಿಗೆ ಬಂದು ನಿಲ್ಲುವುದು ನಮ್ಮ ಬಜಾಜ್ ಆಟೋ ಆಗಿದ್ದರೆ ಆಶ್ಚರ್ಯಪಡಬೇಡಿ, ಅಲ್ಲಿ ಅವು ಬೇಕಾದಷ್ಟಿವೆ. ದರ ಮೊದಲೇ ಪರದೆಯ ಮೇಲೆ ಬರುವುದರಿಂದ ಚೌಕಾಸಿಯ ತಲೆನೋವಿಲ್ಲ.

ಎಚ್ಚರ: ಆಟೋದಲ್ಲಿ ಕೂತು ಫೋನ್ ಹೊರಗೆ ಹಿಡಿದು ವಿಡಿಯೊ ಮಾಡಬೇಡಿ. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವವರಿದ್ದಾರೆ.

ಹಂತ 9: ರಸ್ತೆ ದಾಟುವುದನ್ನು ಕಲಿಯಿರಿ

ನಗಬೇಡಿ, ಇದಕ್ಕೆ ಪ್ರತ್ಯೇಕ ಹಂತವೇ ಬೇಕು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ನಮ್ಮ ಕತ್ತು ಅಭ್ಯಾಸಬಲದಿಂದ ಮೊದಲು ಬಲಕ್ಕೆ ತಿರುಗುತ್ತದೆ, ಗಾಡಿ ಎಡದಿಂದ ಬರುತ್ತದೆ. ಮೊದಲು ಎಡಕ್ಕೆ ನೋಡಿ, ಆಮೇಲೆ ಬಲಕ್ಕೆ. ಕಾಲಿಟ್ಟ ಮೇಲೆ ಒಂದೇ ಹದದಲ್ಲಿ ನಿಧಾನ ನಡೆಯಿರಿ. ಬೈಕುಗಳು ಸುತ್ತಿಕೊಂಡು ಹೋಗುತ್ತವೆ. ನಡುವೆ ಓಡಿದರೋ, ಹಿಂದಕ್ಕೆ ಹೆಜ್ಜೆ ಇಟ್ಟರೋ ಅವರ ಲೆಕ್ಕ ತಪ್ಪುತ್ತದೆ.

ಹಂತ 10: ಮೂರು ದಿನ ಹಂಚಿ

ಮೊದಲ ದಿನ ಬೆಳಿಗ್ಗೆ ಅರಮನೆ. ಮಧ್ಯಾಹ್ನ ಮುಚ್ಚುತ್ತದೆ, ಹಾಗಾಗಿ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಒಳಗಿನ ಸಿಲ್ವರ್ ಪಗೋಡದ ನೆಲಕ್ಕೆ ಹಾಸಿರುವುದು 5,000ಕ್ಕೂ ಹೆಚ್ಚು ಬೆಳ್ಳಿ ಹಲಗೆಗಳು. ಪ್ರಾಂಗಣದ ಗೋಡೆಯನ್ನು ತಪ್ಪಿಸಬೇಡಿ. ಅಲ್ಲಿ ಉದ್ದಕ್ಕೂ ಚಿತ್ರಿಸಿರುವುದು ರಿಯಾಮ್ಕೆರ್, ಅವರ ರಾಮಾಯಣ. ಬಣ್ಣ ಅಲ್ಲಲ್ಲಿ ಉದುರಿದ್ದರೂ ಹನುಮಂತನನ್ನು ಗುರುತಿಸಲು ಗೈಡ್ ಬೇಕಿಲ್ಲ. ಪಕ್ಕದಲ್ಲೇ 1920ರಲ್ಲಿ ತೆರೆದ ನ್ಯಾಷನಲ್ ಮ್ಯೂಸಿಯಂ. ನಾಮ್ ದಾ ಬೆಟ್ಟದಿಂದ ತಂದ ಎಂಟು ಕೈಗಳ ವಿಷ್ಣುವಿನ ಮುಂದೆ ನಿಂತು ಕತ್ತೆತ್ತಿ ನೋಡಿ. ದಾವಣಗೆರೆ ಕಡೆಯವರಾದರೆ ಹರಿಹರನ ಮೂರ್ತಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೀರಿ.

ಎರಡನೆಯ ದಿನ ತುವೊಲ್ ಸ್ಲೆಂಗ್. ಶಾಲೆಯಾಗಿದ್ದ ಕಟ್ಟಡವನ್ನು ಖ್ಮೇರ್ ರೂಜ್ ಆಡಳಿತ ಎಸ್-21 ಎಂಬ ಸೆರೆಮನೆ ಮಾಡಿತ್ತು. ಸಾವಿರಾರು ಜನರನ್ನು ಅಲ್ಲಿ ಚಿತ್ರಹಿಂಸೆಗೆ ಒಳಪಡಿಸಿ, ಊರಾಚೆಯ ಚೊಯೆಂಗ್ ಏಕ್‌ಗೆ ಒಯ್ದು ಕೊಂದರು. 2025ರಲ್ಲಿ ಎರಡೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆಡಿಯೊ ಗೈಡ್ ತೆಗೆದುಕೊಳ್ಳಿ. ಸೆಲ್ಫಿ ಬೇಡ, ಗಟ್ಟಿ ಮಾತು ಬೇಡ. ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಅದೇ ದಿನ ಶಾಪಿಂಗ್ ಸೇರಿಸಬೇಡಿ, ಮನಸ್ಸು ಹಿಡಿಯುವುದಿಲ್ಲ. ಸಂಜೆ ಸುಮ್ಮನೆ ನದಿ ದಂಡೆಗೆ ಬನ್ನಿ. ಊರಿನ ಹೆಂಗಸರು ಹಾಡು ಹಾಕಿಕೊಂಡು ಸಾಲಾಗಿ ಏರೋಬಿಕ್ಸ್ ಮಾಡುತ್ತಿರುತ್ತಾರೆ, ಗಾಡಿಯವರು ಹಸಿ ತಾವರೆ ಬೀಜದ ಕಾಯಿ ಮಾರುತ್ತಿರುತ್ತಾರೆ.

ಮೂರನೆಯ ದಿನ ನಿಮ್ಮಿಷ್ಟ. 1937ರ ಹಳದಿ ಗುಮ್ಮಟದ ಸೆಂಟ್ರಲ್ ಮಾರ್ಕೆಟ್, ಇಲ್ಲವೇ ದೋಣಿ ಏರಿ ರೇಷ್ಮೆ ನೇಯುವ ಕೊಹ್ ದಾಚ್ ದ್ವೀಪ. ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ಎರಡನೆಯದು.

ಹಂತ 11: ಸಸ್ಯಾಹಾರಿಗಳು ಮೊದಲೇ ಹೇಳಿ

ಮಾಂಸ ಬೇಡ ಎಂದರಷ್ಟೇ ಸಾಲದು. ಸೊಪ್ಪಿನ ಪಲ್ಯದಲ್ಲೂ ಮೀನಿನ ಸಾಸ್ ಇರುತ್ತದೆ. ‘ಮಾಂಸ ಬೇಡ, ಮೀನು ಬೇಡ, ಮೀನಿನ ಸಾಸ್ ಬೇಡ’ ಎಂದು ಟ್ರಾನ್ಸ್‌ಲೇಟ್ ಆ್ಯಪ್‌ನಲ್ಲಿ ಖ್ಮೇರ್‌ಗೆ ಮಾಡಿಸಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಊಟ ಹೇಳುವ ಮುಂಚೆ ತೋರಿಸಿ. ಅನ್ನ, ಹಣ್ಣು ಎಲ್ಲೆಡೆ ಸಿಗುತ್ತದೆ. ಇಂಡಿಯನ್ ಹೋಟೆಲ್‌ಗಳೂ ಇವೆ. ಚಟ್ನಿಪುಡಿ ಡಬ್ಬಿ ಇದ್ದರೆ ಇನ್ನೂ ಧೈರ್ಯ.

ಹಂತ 12: ವಾಪಸ್ ಹೊರಡಿ

ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಿ. ದಾರಿಗೇ ಒಂದು ಗಂಟೆ ಬೇಕಾಗಬಹುದು. ಕೈಯಲ್ಲಿ ಉಳಿದ ರಿಯಲ್‌ಗಳನ್ನು ಅಲ್ಲೇ ಕಾಫಿಗೋ, ಕಾಂಪೋಟ್‌ನ ಕಾಳುಮೆಣಸಿಗೋ ಖರ್ಚು ಮಾಡಿಬಿಡಿ. ಬೆಂಗಳೂರಿನಲ್ಲಿ ಅವನ್ನು ಬದಲಿಸಿಕೊಡುವವರನ್ನು ಹುಡುಕುವುದು ಕಷ್ಟ.