ಗಾಲ್ಫ್ ಗಾಡಿಯ ಲಿಥಿಯಂ ಪ್ಯಾಕ್: ಬಿಎಂಎಸ್ ಆರಿಸುವುದು ಹೇಗೆ?

ಗಾಲ್ಫ್ ಮೈದಾನದ ಬ್ಯಾಟರಿ ಗಾಡಿಗಳು ಈಗ ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ದಾರಿಯಲ್ಲಿ, ಮೈಸೂರು ಮೃಗಾಲಯದಲ್ಲಿ, ರೆಸಾರ್ಟುಗಳಲ್ಲಿ ಜನರನ್ನು ಹೊತ್ತು ಓಡಾಡುತ್ತಿವೆ. ಇಂಥ ಗಾಡಿಯ ಲೀಡ್ ಆಸಿಡ್ ಬ್ಯಾಟರಿ ಸತ್ತಾಗ, ಲಿಥಿಯಂ ಐರನ್ ಫಾಸ್ಫೇಟ್ ಅಂದರೆ ಎಲ್‌ಎಫ್‌ಪಿ ಸೆಲ್ ತಂದು ತಾವೇ ಪ್ಯಾಕ್ ಕಟ್ಟಿಕೊಳ್ಳುವವರಿದ್ದಾರೆ. ಕೈಕೆಲಸ ಬಲ್ಲವರಿಗೆ ಇದು ಅಸಾಧ್ಯವೇನಲ್ಲ. ಆದರೆ ಸೆಲ್ಲಿಗೆ ಧಾರಾಳವಾಗಿ ದುಡ್ಡು ಸುರಿದು, ಅದನ್ನು ಕಾಯುವ ಬಿಎಂಎಸ್ ಅನ್ನು ಅಗ್ಗದಲ್ಲಿ ಮುಗಿಸಿಬಿಡುವುದು ಅಪಾಯದ ಲೆಕ್ಕಾಚಾರ.

ಬಿಎಂಎಸ್ ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ಪ್ರತಿ ಸೆಲ್ಲಿನ ವೋಲ್ಟೇಜ್, ಪ್ಯಾಕಿನಲ್ಲಿ ಹರಿಯುವ ಕರೆಂಟ್, ಉಷ್ಣತೆ ಇವನ್ನು ಗಮನಿಸುತ್ತಾ, ಮಿತಿ ಮೀರಿದರೆ ಸಂಪರ್ಕ ಕಡಿಯುವುದು ಅದರ ಕೆಲಸ. ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ: ಅದು ಕೊನೆಯ ಕಾವಲು. ದಿನವೂ ಚಾರ್ಜಿಂಗ್ ನಿಲ್ಲಿಸಬೇಕಾದದ್ದು ಚಾರ್ಜರ್, ಬ್ಯಾಟರಿ ಇಳಿದಾಗ ಗಾಡಿ ನಿಲ್ಲಿಸಬೇಕಾದದ್ದು ಮೋಟಾರಿನ ಕಂಟ್ರೋಲರ್. ಬಿಎಂಎಸ್ ಪದೇ ಪದೇ ಕಡಿಯುತ್ತಿದ್ದರೆ ಬೇರೆಲ್ಲೋ ತಪ್ಪಿದೆ ಎಂದೇ ಅರ್ಥ.

ಸೆಲ್ ಎಷ್ಟು, ಯಾವ ಬಗೆ?

36 ವೋಲ್ಟ್ ಗಾಡಿಗೆ 12, 48 ವೋಲ್ಟ್ ಗಾಡಿಗೆ 16 ಎಲ್‌ಎಫ್‌ಪಿ ಸೆಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸುವುದು ರೂಢಿ. ಸೆಲ್ ಒಂದಕ್ಕೆ 3.2 ವೋಲ್ಟ್‌ನಂತೆ 16ಕ್ಕೆ 51.2 ವೋಲ್ಟ್ ಆಗುತ್ತದೆ. ಪೂರ್ತಿ ತುಂಬಿದಾಗ 58.4. ನಿಮ್ಮ ಕಂಟ್ರೋಲರ್ ಇಷ್ಟನ್ನು ತಾಳುತ್ತದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಬಿಎಂಎಸ್ ಕೂಡ ಅಷ್ಟೇ ಸೆಲ್‌ಗಳದ್ದಾಗಿರಬೇಕು, ಎಲ್‌ಎಫ್‌ಪಿಗೆ ಹೊಂದಿಸಿದ್ದಾಗಿರಬೇಕು. ಎನ್‌ಎಂಸಿ ಎಂಬ ಇನ್ನೊಂದು ಬಗೆಯ ಲಿಥಿಯಂ ಸೆಲ್‌ಗಳ ಮೇಲ್ಮಿತಿ 4.2 ವೋಲ್ಟ್, ಎಲ್‌ಎಫ್‌ಪಿಗೆ 3.65. ಒಂದಕ್ಕೆಂದು ಮಾಡಿದ್ದನ್ನು ಇನ್ನೊಂದಕ್ಕೆ ಹಾಕಿದರೆ ಕಾವಲಿದ್ದೂ ಇಲ್ಲದಂತೆ.

ಕರೆಂಟ್ ಅಳೆದು ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ. 4 ಕಿಲೋವಾಟ್ ಮೋಟಾರ್ ಅನ್ನು 48 ವೋಲ್ಟಿನಿಂದ ಭಾಗಿಸಿ, ಸುಮಾರು 83 ಆಂಪಿಯರ್ ಬಂತು, 100 ಆಂಪಿಯರ್ ಬಿಎಂಎಸ್ ಸಾಕು ಎಂದುಕೊಳ್ಳುತ್ತಾರೆ. ಸಮತಟ್ಟು ರಸ್ತೆಗೆ ಆ ಲೆಕ್ಕ ಸರಿ. ಆದರೆ ನಾಲ್ವರನ್ನು ಕೂರಿಸಿಕೊಂಡು, ಏರಿನಲ್ಲಿ ನಿಂತ ಗಾಡಿಯನ್ನು ಮೇಲೆಳೆಯುವಾಗ ಮೋಟಾರ್ ಅದರ ಎರಡು ಮೂರು ಪಟ್ಟು ಕೇಳಬಹುದು. ಎಷ್ಟರ ಮಟ್ಟಿಗೆ ಎಂಬುದನ್ನು ತೀರ್ಮಾನಿಸುವುದು ಕಂಟ್ರೋಲರ್. ಅದರ ಮೇಲಿನ ಫಲಕದಲ್ಲಿ 300 ಆಂಪಿಯರ್ ಎಂದಿದ್ದರೆ ಗಾಡಿ ಅಷ್ಟನ್ನೂ ಎಳೆಯಬಲ್ಲದು ಎಂದೇ ಹಿಡಿಯಿರಿ.

ಊಹೆಗಿಂತ ಅಳತೆ ಮೇಲು. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ತನ್ನಿ. ಎಸಿಗೆ ಮಾತ್ರ ಇರುವ ಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಹಳೆಯ ಬ್ಯಾಟರಿಯಲ್ಲಿ ಇನ್ನೂ ಜೀವವಿರುವಾಗಲೇ ಅದರ ದಪ್ಪ ನೆಗೆಟಿವ್ ಕೇಬಲ್‌ಗೆ ಮೀಟರ್ ಸಿಕ್ಕಿಸಿ, ಗಾಡಿ ತುಂಬ ಜನರನ್ನು ಕೂರಿಸಿ, ನಿಮ್ಮ ಆವರಣದ ಅತಿ ಕಡಿದಾದ ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಮೀಟರ್ ನೋಡಲು ಚಾಲಕನಲ್ಲದೆ ಇನ್ನೊಬ್ಬರಿರಲಿ. ಗರಿಷ್ಠ ಎಷ್ಟು, ಅದು ಎಷ್ಟು ಸೆಕೆಂಡ್ ಉಳಿಯಿತು, ಆಮೇಲೆ ಏರು ಹತ್ತುವಾಗ ಎಷ್ಟಿತ್ತು, ಮೂರನ್ನೂ ಬರೆದುಕೊಳ್ಳಿ. ಬಿಎಂಎಸ್‌ನ ನಿರಂತರ ಕರೆಂಟ್ ಮಿತಿ ಏರು ಹತ್ತುವಾಗಿನ ಅಂಕಿಗಿಂತ ಮೇಲಿರಬೇಕು, ಕ್ಷಣಿಕ ಮಿತಿ ಆ ಗರಿಷ್ಠವನ್ನು ಅಷ್ಟು ಹೊತ್ತು ಸಹಿಸಬೇಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವುದು ಕೆಲವೊಮ್ಮೆ ಕ್ಷಣಿಕ ಮಿತಿ ಮಾತ್ರ. ನಿರಂತರ ಮಿತಿಯನ್ನು ಕೇಳಿ ತಿಳಿದುಕೊಂಡೇ ದುಡ್ಡು ಕೊಡಿ.

ಮಾಸ್ಫೆಟ್ಟೋ, ಕಾಂಟ್ಯಾಕ್ಟರೋ?

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಜೆಕೆ, ಜೆಬಿಡಿ, ಡಾಲಿ ಬಿಎಂಎಸ್‌ಗಳಲ್ಲಿ ಹೆಚ್ಚಿನವು ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಳಸುವ ಬಗೆಯವು. ಗಾಡಿಯ ಇಡೀ ಕರೆಂಟ್ ಅವುಗಳೊಳಗಿಂದಲೇ ಹಾಯುತ್ತದೆ. ದಾರಿಯಲ್ಲಿ ಬರೀ 1 ಮಿಲಿಓಮ್ ರೋಧವಿದ್ದರೂ 200 ಆಂಪಿಯರ್‌ಗೆ 40 ವಾಟ್ ಶಾಖ ಹುಟ್ಟುತ್ತದೆ, ಒಂದು ಸೋಲ್ಡರಿಂಗ್ ಐರನ್ ಹೊತ್ತಿಸಿಟ್ಟಷ್ಟು. ಸೀಟಿನಡಿ ಗಾಳಿಯಾಡದ ಮೂಲೆಗೆ ಅದನ್ನು ತುರುಕಬೇಡಿ. 200 ಆಂಪಿಯರ್ ಒಳಗಿನ ಗಾಡಿಗೆ ಈ ಬಗೆ ಸಾಕು. 300 ದಾಟುವಂತಿದ್ದರೆ, ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚನ್ನು ತೆರೆದು ಮುಚ್ಚುವ ಬಿಎಂಎಸ್ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಖರ್ಚು ಹೆಚ್ಚು, ವೈರಿಂಗ್ ಹೆಚ್ಚು, ಆದರೂ ಸರಿ.

ಯಾವುದೇ ಬಗೆಯಿರಲಿ, ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳು ಸಂಪರ್ಕ ಕೊಟ್ಟ ಕ್ಷಣ ಭಾರಿ ಕರೆಂಟ್ ಎಳೆಯುತ್ತವೆ. ಇದನ್ನೇ ಶಾರ್ಟ್ ಸರ್ಕ್ಯೂಟ್ ಎಂದು ತಿಳಿದು ಬಿಎಂಎಸ್ ಕಡಿದುಬಿಡುವುದುಂಟು. ಗಾಡಿಯ ಸೊಲೆನಾಯ್ಡ್‌ಗೆ ಅಡ್ಡಲಾಗಿ ಕೆಪಾಸಿಟರ್‌ಗಳನ್ನು ಮೊದಲೇ ನಿಧಾನವಾಗಿ ತುಂಬಿಸುವ ಪ್ರೀಚಾರ್ಜ್ ರೆಸಿಸ್ಟರ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಹಾಕಿಸಿ.

ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮೋಟಾರ್ ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುವ ಗಾಡಿಗಳಿಗೆ ಚಾರ್ಜ್, ಡಿಸ್ಚಾರ್ಜ್ ಎರಡೂ ಒಂದೇ ತಂತಿಯಲ್ಲಿ ಹಾಯುವ ಕಾಮನ್ ಪೋರ್ಟ್ ಬಿಎಂಎಸ್ ಬೇಕು. ತುಂಬಿದ ಬ್ಯಾಟರಿಯೊಂದಿಗೆ ಇಳಿಯುವಾಗ ಬಿಎಂಎಸ್ ಚಾರ್ಜಿಂಗ್ ಕಡಿದರೆ ಮೋಟಾರಿನ ಬ್ರೇಕ್ ಕೈಕೊಡುತ್ತದೆ. ಆದ್ದರಿಂದ ಚಾರ್ಜರ್ ಅನ್ನು 58.4ರವರೆಗೆ ಒಯ್ಯದೆ 56 ವೋಲ್ಟಿಗೆ, ಅಂದರೆ ಸೆಲ್ಲಿಗೆ 3.5ಕ್ಕೆ ನಿಲ್ಲಿಸಿ. ಹಳೆಯ ಲೀಡ್ ಆಸಿಡ್ ಚಾರ್ಜರ್ ಅನ್ನು ಮತ್ತೆ ಬಳಸಲೇಬೇಡಿ.

ಬ್ಯಾಲೆನ್ಸಿಂಗ್, ಅಂದರೆ ಸೆಲ್‌ಗಳ ಚಾರ್ಜ್ ಅನ್ನು ಸಮ ಮಾಡುವ ವಿಚಾರ ಸರಳ. 280 ಆಂಪಿಯರ್ ಅವರ್ ಸೆಲ್‌ಗಳಲ್ಲಿ ಶೇ 5ರಷ್ಟು ವ್ಯತ್ಯಾಸವಿದ್ದರೆ ಅದು 14 ಆಂಪಿಯರ್ ಅವರ್. 100 ಮಿಲಿಆಂಪಿಯರ್‌ನ ಪ್ಯಾಸಿವ್ ಬ್ಯಾಲೆನ್ಸರ್‌ಗೆ ಅದನ್ನು ಸರಿಪಡಿಸಲು 140 ಗಂಟೆ ಬೇಕು, 2 ಆಂಪಿಯರ್‌ನ ಆಕ್ಟಿವ್ ಬ್ಯಾಲೆನ್ಸರ್‌ಗೆ 7. ದೊಡ್ಡ ಸೆಲ್‌ಗಳಿಗೆ ಆಕ್ಟಿವ್ ಬಗೆಯನ್ನೇ ಆರಿಸಿ, ಬ್ಯಾಲೆನ್ಸಿಂಗ್ 3.4 ವೋಲ್ಟ್ ಮೇಲಷ್ಟೇ ಶುರುವಾಗುವಂತೆ ಹೊಂದಿಸಿ.

ಜೋಡಿಸುವ ದಿನ

ಉಂಗುರ, ಕೈಗಡಿಯಾರ ತೆಗೆದಿಡಿ. ಸ್ಪ್ಯಾನರ್‌ನ ಹಿಡಿಕೆಗೆ ಇನ್ಸುಲೇಶನ್ ಟೇಪ್ ಸುತ್ತಿ. 16 ಸೆಲ್ಲಿಗೆ 17 ಸಣ್ಣ ತಂತಿಗಳು ಬರುತ್ತವೆ. ಅವುಗಳ ಪ್ಲಗ್ ಅನ್ನು ಬಿಎಂಎಸ್‌ಗೆ ಚುಚ್ಚುವ ಮೊದಲು ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಮೊದಲ ತಂತಿಗೆ ಹಿಡಿದು, ಕೆಂಪನ್ನು ಒಂದೊಂದಾಗಿ ಮುಂದಕ್ಕೆ ಸರಿಸಿ. 3.3, 6.6, 9.9 ಎಂದು ಸಮನಾಗಿ ಏರುತ್ತಾ ಹೋಗಬೇಕು. ಎಲ್ಲಾದರೂ ಏರದಿದ್ದರೆ ಅಥವಾ ಒಮ್ಮೆಲೇ ಹಾರಿದರೆ ತಂತಿ ಅದಲುಬದಲಾಗಿದೆ. ಹಾಗೇ ಚುಚ್ಚಿದರೆ ಬಿಎಂಎಸ್ ಸುಡುತ್ತದೆ.

ಕೊನೆಯದಾಗಿ, ಪ್ಯಾಕಿನ ಪಾಸಿಟಿವ್ ಹತ್ತಿರವೇ ಕ್ಲಾಸ್ ಟಿ ಫ್ಯೂಸ್ ಹಾಕಿ. ಶಾರ್ಟ್ ಆದರೆ ಈ ಸೆಲ್‌ಗಳು ಸಾವಿರಾರು ಆಂಪಿಯರ್ ಸುರಿಯುತ್ತವೆ, ಮಾಸ್ಫೆಟ್ ಸುಟ್ಟು ಅಂಟಿಕೊಂಡರೆ ಬಿಎಂಎಸ್‌ಗೆ ಸಂಪರ್ಕ ಕಡಿಯಲಾಗದು. ಎಷ್ಟೇ ದುಬಾರಿ ಬಿಎಂಎಸ್ ಹಾಕಿದ್ದರೂ ಫ್ಯೂಸ್ ಇಲ್ಲದ ಪ್ಯಾಕ್ ಮೇಲೆ ಯಾರನ್ನೂ ಕೂರಿಸಬೇಡಿ.