ನೆದರ್ಲೆಂಡ್ಸ್‌ನಲ್ಲಿ ಒಂದು ಸೆಮಿಸ್ಟರ್: ಮೊದಲು ವಿಳಾಸ, ಉಳಿದದ್ದು ಆಮೇಲೆ

ಸೆಪ್ಟೆಂಬರ್ ಆರಂಭದಿಂದ ಜನವರಿ ಕೊನೆಯವರೆಗೆ, ಲೆಕ್ಕಕ್ಕೆ ಐದು ತಿಂಗಳು. ಆದರೆ ಡೆಲ್ಫ್ಟ್, ಐಂದೋವನ್, ವಾಗೆನಿಂಗನ್‌ಗಳಲ್ಲಿ ಸೆಮಿಸ್ಟರನ್ನು ಸಣ್ಣ ಅವಧಿಗಳಾಗಿ ಒಡೆದಿರುತ್ತಾರೆ. ಮೊದಲ ಪರೀಕ್ಷೆ ಅಕ್ಟೋಬರ್ ಕೊನೆಗೋ ನವೆಂಬರ್ ಆರಂಭಕ್ಕೋ ಬಂದೇಬಿಡುತ್ತದೆ. ವಾಸ, ನೋಂದಣಿ, ಬ್ಯಾಂಕು ಎಂದು ಅಲ್ಲಿಯವರೆಗೂ ಓಡಾಡುತ್ತಿದ್ದರೆ ಓದಿಗೆ ನೇರ ಏಟು. ಅದಕ್ಕೇ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದು ಇಲ್ಲಿ ಬಹಳ ಮುಖ್ಯ.

ಊರು ಬಿಡುವ ಮುನ್ನ

ಐದು ತಿಂಗಳ ವಾಸಕ್ಕೆ ಷೆಂಗೆನ್ ಪ್ರವಾಸಿ ವೀಸಾ ನಡೆಯುವುದಿಲ್ಲ. ಎಂವಿವಿ ಎಂಬ ಪ್ರವೇಶ ವೀಸಾ ಮತ್ತು ವಾಸದ ಪರವಾನಗಿ ಎರಡೂ ಬೇಕು. ಅರ್ಜಿಯನ್ನು ವಲಸೆ ಇಲಾಖೆಯಾದ ಐಎನ್‌ಡಿಗೆ ವಿಶ್ವವಿದ್ಯಾಲಯವೇ ಸಲ್ಲಿಸುತ್ತದೆ. ಅವರು ಕೇಳಿದ ದಾಖಲೆ, ಖರ್ಚಿಗೆ ಹಣವಿದೆ ಎಂಬ ಪುರಾವೆ, ಶುಲ್ಕ ಇವನ್ನು ಗಡುವಿನೊಳಗೆ ಕಳಿಸುವುದಷ್ಟೇ ನಿಮ್ಮ ಕೆಲಸ.

ಜನನ ಪ್ರಮಾಣಪತ್ರವನ್ನು ಈಗಲೇ ತೆಗೆದು ನೋಡಿ. ಕರ್ನಾಟಕದ ಪತ್ರ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುವುದರಿಂದ ಅನುವಾದದ ಗೋಜಿಲ್ಲ. ಆದರೆ ಹಳೆಯ ಪತ್ರಗಳಲ್ಲಿ ಮಗುವಿನ ಹೆಸರೇ ಇಲ್ಲದಿರುವುದು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದು ಇಲ್ಲಿ ಬರೀ ಅಕ್ಷರವಾಗಿರುವುದು ನಮ್ಮಲ್ಲಿ ಅಪರೂಪವಲ್ಲ. ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಆಮೇಲೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್. ಇದನ್ನು ಬಿಟ್ಟು ಹೋದರೆ ಹೆತ್ತವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಕೋಣೆ ಗಟ್ಟಿಯಾಗದೆ ವಿಮಾನ ಹತ್ತಬೇಡಿ

ವಿದ್ಯಾರ್ಥಿ ಕೋಣೆಗಳ ಅಭಾವ ಆ ದೇಶದಲ್ಲಿ ತೀವ್ರವಾಗಿದೆ. ವಾಸಕ್ಕೆ ಜಾಗ ಸಿಗದಿದ್ದರೆ ಬರಲೇಬೇಡಿ ಎಂದು ಕೆಲವು ವಿಶ್ವವಿದ್ಯಾಲಯಗಳೇ ಹೇಳಿವೆ. ಪ್ರವೇಶ ಖಚಿತವಾದ ದಿನವೇ ವಿಶ್ವವಿದ್ಯಾಲಯದ ವಸತಿ ವಿಭಾಗಕ್ಕೆ ಅರ್ಜಿ ಹಾಕಿ. ಡುವೊ, ಎಸ್‌ಎಸ್‌ಎಚ್‌ನಂಥ ವಿದ್ಯಾರ್ಥಿ ವಸತಿ ಸಂಸ್ಥೆಗಳಲ್ಲೂ ಹೆಸರು ಬರೆಸಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ವಿಶ್ವವಿದ್ಯಾಲಯದ ಮೂಲಕ ಸಿಗುವ ಕೋಣೆಯನ್ನೇ ಹಿಡಿಯಿರಿ ಎಂಬುದು ನನ್ನ ಬಲವಾದ ಸಲಹೆ.

ಖಾಸಗಿಯಾಗಿ ಹುಡುಕುವುದಾದರೆ, ಕೋಣೆ ತೋರಿಸದೆ ಮುಂಗಡ ಕೇಳುವವರನ್ನು ನಂಬಬೇಡಿ. ಅಲ್ಲಿರುವ ಪರಿಚಯದವರನ್ನು ಕಳಿಸಿ ನೋಡಿಸಿ, ಇಲ್ಲವೇ ವಿಡಿಯೊ ಕರೆಯಲ್ಲಿ ಬೀದಿಯಿಂದ ಒಳಗಿನವರೆಗೂ ತೋರಿಸಲು ಹೇಳಿ. ಮೂಲ ಬಾಡಿಗೆಯ ಎರಡು ತಿಂಗಳ ಮೊತ್ತಕ್ಕಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. 2023ರ ಜುಲೈನಿಂದ ಇದು ಕಾನೂನು. ಎಲ್ಲಕ್ಕಿಂತ ಮುಖ್ಯವಾಗಿ, ‘ಈ ವಿಳಾಸದಲ್ಲಿ ನೋಂದಣಿ ಮಾಡಿಸುವಂತಿಲ್ಲ’ ಎಂದರೆ ಎಷ್ಟೇ ಅಗ್ಗವಾದರೂ ಬೇಡ ಅನ್ನಿ. ಮುಂದಿನದೆಲ್ಲ ನಿಂತಿರುವುದು ಆ ನೋಂದಣಿಯ ಮೇಲೆಯೇ.

ಮೊದಲ ವಾರ

ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಬಂದ ಐದು ದಿನದೊಳಗೆ ಊರಿನ ಪುರಸಭೆಯಲ್ಲಿ ನೋಂದಣಿಗೆ ಮುಂದಾಗಬೇಕು. ಸೆಪ್ಟೆಂಬರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಇಲ್ಲಿಂದಲೇ ಕಾಯ್ದಿರಿಸಿ. ಪಾಸ್‌ಪೋರ್ಟ್, ಬಾಡಿಗೆ ಕರಾರು, ಅಪೊಸ್ಟೀಲ್ ಆದ ಜನನ ಪತ್ರ ಕೈಯಲ್ಲಿರಲಿ. ನೋಂದಣಿಯಾದ ಮೇಲೆ ಸಿಗುವ ಬಿಎಸ್‌ಎನ್ ಎಂಬ ಒಂಬತ್ತು ಅಂಕಿಯ ಸಂಖ್ಯೆಯನ್ನು ಬ್ಯಾಂಕು, ವೈದ್ಯರು, ಕೆಲಸ ಕೊಡುವವರು ಎಲ್ಲರೂ ಕೇಳುತ್ತಾರೆ.

ಅಲ್ಲಿ ಸರ್ಕಾರ ಇಂದಿಗೂ ಅಂಚೆಯಲ್ಲಿ ಪತ್ರ ಬರೆಯುತ್ತದೆ. ಸರ್ಕಾರಿ ತಾಣಗಳಿಗೆ ಬೇಕಾದ ಡಿಜಿಡಿ ಖಾತೆಯ ಸಂಕೇತ ಸಂಖ್ಯೆಯೂ ಲಕೋಟೆಯಲ್ಲೇ ಬರುವುದು. ಹತ್ತು ಮಂದಿ ಹಂಚಿಕೊಂಡ ಮನೆಯ ಅಂಚೆ ಪೆಟ್ಟಿಗೆಯಲ್ಲಿ ಅದು ಪಿಜ್ಜಾ ಜಾಹೀರಾತುಗಳ ನಡುವೆ ಕಳೆದುಹೋಗದಿರಲಿ: ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿ, ದಿನವೂ ತೆಗೆದು ನೋಡಿ. ಡಚ್ ಭಾಷೆಯಲ್ಲಿದ್ದರೆ ಫೋನಿನಲ್ಲಿ ಅನುವಾದಿಸಿ ಓದಿ, ಅರ್ಥವಾಗಲಿಲ್ಲವೆಂದು ಬದಿಗಿಡಬೇಡಿ. ಭಾರತೀಯರಿಗೆ ಕಡ್ಡಾಯವಾದ ಕ್ಷಯರೋಗ ತಪಾಸಣೆಯನ್ನು ಜಿಜಿಡಿ ಎಂಬ ಸಾರ್ವಜನಿಕ ಆರೋಗ್ಯ ಕೇಂದ್ರದಲ್ಲಿ ಮೂರು ತಿಂಗಳೊಳಗೆ ಮುಗಿಸಿಕೊಳ್ಳಿ.

ವಿಮೆಯಲ್ಲಿ ಹಲವರು ಎಡವುತ್ತಾರೆ. ಬರೀ ಓದುವವರಿಗೆ ಖಾಸಗಿ ವಿದ್ಯಾರ್ಥಿ ವಿಮೆ ಸಾಕು. ಸಣ್ಣ ಕೆಲಸಕ್ಕೆ ಸೇರಿದಿರೋ, ಡಚ್ ಮೂಲ ಆರೋಗ್ಯ ವಿಮೆ ಕಡ್ಡಾಯ. ಜತೆಗೆ ಕೆಲಸ ಕೊಡುವವರು ನಿಮಗಾಗಿ ಪರವಾನಗಿ ಪಡೆದಿರಬೇಕು. ಓದಿನ ದಿನಗಳಲ್ಲಿ ವಾರಕ್ಕೆ 16 ಗಂಟೆಯೇ ಮಿತಿ. ಒಂದೇ ಸೆಮಿಸ್ಟರಿಗೆ ಹೋಗುವವರು ಕೆಲಸದ ಆಸೆ ಬಿಡುವುದೇ ಲೇಸು. ಕಾಯಿಲೆಯಾದರೆ ನೇರ ಆಸ್ಪತ್ರೆಗೆ ಹೋಗುವ ನಮ್ಮ ರೂಢಿ ಅಲ್ಲಿ ನಡೆಯದು. ಹತ್ತಿರದ ಕುಟುಂಬ ವೈದ್ಯರಲ್ಲಿ ಮೊದಲೇ ಹೆಸರು ನೋಂದಾಯಿಸಿ. ತಜ್ಞರ ಬಳಿ ಕಳಿಸುವುದು ಅವರೇ. ಜೀವಕ್ಕೆ ಅಪಾಯವಿದ್ದರೆ 112.

ಸೈಕಲ್

ಐದು ತಿಂಗಳಿಗೆ ತಿಂಗಳ ಬಾಡಿಗೆ ಸೈಕಲ್ಲೇ ವಾಸಿ. ಕೆಟ್ಟರೆ ಕಂಪನಿಯವರೇ ರಿಪೇರಿ ಮಾಡುತ್ತಾರೆ. ಬೀದಿಯಲ್ಲಿ ಯಾರೋ ತೀರಾ ಅಗ್ಗಕ್ಕೆ ಮಾರುವ ಸೈಕಲ್ ಕದ್ದದ್ದಿರಬಹುದು, ಕೊಳ್ಳುವುದೂ ಅಪರಾಧ. ಅಲ್ಲಿ ಸಂಚಾರ ರಸ್ತೆಯ ಬಲಕ್ಕೆ. ದಾರಿಗೆ ಅಡ್ಡಲಾಗಿ ಬಿಳಿ ತ್ರಿಕೋನಗಳ ಸಾಲಿದ್ದು ಅವುಗಳ ಮೊನೆ ನಿಮ್ಮತ್ತ ಇದ್ದರೆ ನೀವು ದಾರಿ ಬಿಡಬೇಕು. ಯಾವ ಗುರುತೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲೇಬೇಕು. ಕೈಯಲ್ಲಿ ಫೋನ್ ಹಿಡಿದು ತುಳಿಯುವುದಕ್ಕೆ 2019ರಿಂದ ದಂಡ. ಮೊದಲ ಭಾನುವಾರ ಕಾಲೇಜಿನ ದಾರಿಯಲ್ಲಿ ಒಮ್ಮೆ ನಿಧಾನವಾಗಿ ಹೋಗಿಬನ್ನಿ.

ಅಂಕಗಳ ಬಗ್ಗೆ

ಒಂದು ಕ್ರೆಡಿಟ್‌ಗೆ 28 ಗಂಟೆಯ ದುಡಿಮೆ ಎಂಬುದು ಅಲ್ಲಿನ ಲೆಕ್ಕ. ಸೆಮಿಸ್ಟರಿನ 30 ಕ್ರೆಡಿಟ್‌ಗೆ 840 ಗಂಟೆ, ಅಂದರೆ ಹೆಚ್ಚುಕಡಿಮೆ ವಾರಕ್ಕೆ 40 ಗಂಟೆ. ತರಗತಿ ಕಡಿಮೆಯಿದೆ ಎಂದು ಮೈಮರೆಯಬೇಡಿ; ಉಳಿದ ಹೊತ್ತು ನೀವೇ ಓದಬೇಕಾದದ್ದು. ಅಂಕ ಹತ್ತಕ್ಕೆ. ಆರು ಬಂದರೆ ಪಾಸು, ಎಂಟು ಬಹಳ ಒಳ್ಳೆಯದು, ಹತ್ತು ಕಾಣುವುದೇ ಅಪರೂಪ. ಇಲ್ಲಿ ಶೇಕಡ 90 ಪಡೆದವರು ಏಳು ಕಂಡು ಕುಗ್ಗಬೇಕಾಗಿಲ್ಲ. ಆದರೆ ಆ ಏಳನ್ನು ನಿಮ್ಮ ಕಾಲೇಜು ಹೇಗೆ ಲೆಕ್ಕ ಹಿಡಿಯುತ್ತದೆ ಎಂಬುದನ್ನು ಹೊರಡುವ ಮುನ್ನವೇ ಬರಹದಲ್ಲಿ ಪಡೆಯಿರಿ. ಪರೀಕ್ಷೆಗೆ ಪ್ರತ್ಯೇಕ ನೋಂದಣಿಯ ಗಡುವು ಇರುತ್ತದೆ, ತಪ್ಪಿಸಬೇಡಿ.

ಓದಿನ ಆಚೆಗೆ, ಊಟಕ್ಕೆ ಬರಗಾಲವಿಲ್ಲ. 1873ರಿಂದ ಭಾರತದ ಕೂಲಿಕಾರರನ್ನು ಡಚ್ಚರು ಆಗ ತಮ್ಮ ವಸಾಹತಾಗಿದ್ದ ಸುರಿನಾಮ್‌ಗೆ ಸಾಗಿಸಿದ್ದರು. ಅವರ ವಂಶಸ್ಥರು ಅನೇಕರು ಹೇಗ್ ನಗರದಲ್ಲಿ ನೆಲೆಸಿದ್ದಾರೆ. ಅಲ್ಲಿನ ಪಾಲ್ ಕ್ರೂಗರ್‌ಲಾನ್ ಸುತ್ತಮುತ್ತ ಬೇಳೆ, ಮಸಾಲೆ ಸಿಗುತ್ತವೆ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ಸರಿದು ನಮಗೂ ಅವರಿಗೂ ಇರುವ ಅಂತರ ಮೂರೂವರೆಯಿಂದ ನಾಲ್ಕೂವರೆ ಗಂಟೆಯಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಮನಸ್ಸು ಮಂಕಾದರೆ ಒಬ್ಬರೇ ಕೂರಬೇಡಿ, ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನು ಕಾಣಿ.

ಹೊರಡುವಾಗ

ಪುರಸಭೆಯಲ್ಲಿ ಹೆಸರು ತೆಗೆಸಿ, ವಿಮೆ ನಿಲ್ಲಿಸಿ. ಖಾಲಿ ಕೋಣೆಯ ಫೋಟೊ ತೆಗೆದಿಡಿ. ಠೇವಣಿ ಕೈಸೇರುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಅಂಕಪಟ್ಟಿ ಬರಲು ಕೆಲವು ವಾರಗಳಾಗಬಹುದು, ಅಷ್ಟರಲ್ಲಿ ವಿಶ್ವವಿದ್ಯಾಲಯದ ಇಮೇಲ್ ಸ್ಥಗಿತವಾಗಿದ್ದರೂ ಆಶ್ಚರ್ಯವಿಲ್ಲ. ನಿಮ್ಮ ಸ್ವಂತ ಇಮೇಲ್ ವಿಳಾಸವನ್ನು ವಿನಿಮಯ ವಿಭಾಗಕ್ಕೆ ಕೊಟ್ಟೇ ಹೊರಡಿ.