ನಾಯಿಗೆ ಕಡಲೆ: ಹಿತವೆಷ್ಟು, ಮಿತವೆಷ್ಟು?

‘ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಮನೆಯಲ್ಲಿ ಸಾಕಿದ ನಾಯಿಯ ವಿಷಯದಲ್ಲಿ ಈ ಗಾದೆ ತುಸು ಬದಲಾಗುತ್ತದೆ. ಅದಕ್ಕೆ ಹಲ್ಲೂ ಉಂಟು, ನಮ್ಮ ಪ್ರೀತಿಯ ದೆಸೆಯಿಂದ ಕಡಲೆಯೂ ಉಂಟು. ಆದರೆ ಆ ಹಲ್ಲು ಸೀಳುವುದಕ್ಕಾಗಿ ಇರುವುದೇ ಹೊರತು ಕಾಳನ್ನು ನುಣ್ಣಗೆ ಅರೆಯುವುದಕ್ಕಾಗಿ ಅಲ್ಲ. ನಾಯಿ ಅಗಿಯುವುದು ಕಡಿಮೆ, ನುಂಗುವುದೇ ಹೆಚ್ಚು.

ಕೆಲವು ವರ್ಷಗಳ ಹಿಂದಿನ ಮಾತು. ಮುಂಬಯಿಯ ಉಪನಗರದಲ್ಲಿ ನಾವು ವಾಸಿಸುವ ಕಟ್ಟಡದಲ್ಲಿ ನವರಾತ್ರಿಯ ಸಡಗರ. ಮನೆಮನೆಯಲ್ಲಿಯೂ ಕಡಲೆಕಾಳಿನ ಉಸಲಿ. ನಮ್ಮ ಮೋತಿ ಒಂದೊಂದು ಬಾಗಿಲಿಗೂ ಹೋಗಿ ಬಾಲವಾಡಿಸಿತು. ಪಕ್ಕದ ಮನೆಯ ಅಜ್ಜಿಯನ್ನು ನಾನು ತಡೆಯಹೋದಾಗ, “ಮೂಕಪ್ರಾಣಿ ಕಣಪ್ಪಾ, ಹಬ್ಬದ ದಿನ ಎರಡು ಹಿಡಿ ತಿನ್ನಲಿ ಬಿಡು” ಎಂದರು. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಮೋತಿಯ ಹೊಟ್ಟೆ ತಮಟೆಯಂತೆ ಬಿಗಿದುಕೊಂಡಿತ್ತು. ಮಲಗಲೊಲ್ಲದು, ನಿಲ್ಲಲೊಲ್ಲದು. ಪರೀಕ್ಷಿಸಿದ ಪಶುವೈದ್ಯರು ಇದು ಬರಿಯ ವಾಯುವೆಂದು ಹೇಳಿದಾಗ ಹೋದ ಜೀವ ಬಂದಂತಾಯಿತು. ಆದರೆ ಅವರು ಕೇಳಿದ ಮೊದಲ ಪ್ರಶ್ನೆ ಇಂದಿಗೂ ನೆನಪಿದೆ: “ಉಸಲಿಯಲ್ಲಿ ಈರುಳ್ಳಿ ಹಾಕಿದ್ದರೆ?” ಹಬ್ಬದ ಅಡಿಗೆಯಾದ್ದರಿಂದ ಹಾಕಿರಲಿಲ್ಲ. ಆ ಪ್ರಶ್ನೆಯ ಹಿಂದಿನ ವಿಚಾರವನ್ನು ತಿಳಿದುಕೊಂಡ ಮೇಲೆಯೇ ಈ ಲೇಖನವನ್ನು ಬರೆಯಬೇಕೆನಿಸಿತು.

ಕಡಲೆಯಲ್ಲಿ ಏನಿದೆ?

ಕಡಲೆ ನಾಯಿಗೆ ವಿಷವಲ್ಲ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸಬೇಕು. ನಮ್ಮ ಗದಗ, ಧಾರವಾಡ, ವಿಜಯಪುರ, ಕಲಬುರಗಿಗಳ ಕಪ್ಪುಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಕಂದು ಬಣ್ಣದ ಸಣ್ಣ ಕಡಲೆಯಾಗಲಿ, ದೊಡ್ಡ ಗಾತ್ರದ ಬಿಳಿಯ ಕಾಬೂಲಿ ಕಡಲೆಯಾಗಲಿ, ಎರಡೂ ಒಂದೇ ಸಸ್ಯಜಾತಿಗೆ ಸೇರಿದವು. ಉಪ್ಪಿಲ್ಲದೆ ಬೇಯಿಸಿದ 100 ಗ್ರಾಂ ಕಡಲೆಯಲ್ಲಿ ಸುಮಾರು 164 ಕ್ಯಾಲೊರಿ ಶಕ್ತಿ, 9 ಗ್ರಾಂನಷ್ಟು ಪ್ರೋಟೀನು, 27 ಗ್ರಾಂನಷ್ಟು ಶರ್ಕರಪಿಷ್ಟ ಹಾಗೂ ಏಳೂವರೆ ಗ್ರಾಂನಷ್ಟು ನಾರು ಇರುತ್ತವೆ.

ಮಾಂಸಾಹಾರಿಯಾದ ತೋಳದ ಕುಲದಲ್ಲಿ ಹುಟ್ಟಿದ ನಾಯಿಗೆ ಪಿಷ್ಟ ಜೀರ್ಣವಾಗುವುದೆ ಎಂಬ ಸಂದೇಹ ಸಹಜ. 2013ರಲ್ಲಿ ಪ್ರಕಟವಾದ ಒಂದು ವಂಶವಾಹಿ ಸಂಶೋಧನೆ ಇದಕ್ಕೆ ಉತ್ತರ ನೀಡಿದೆ. ಪಿಷ್ಟವನ್ನು ಕರಗಿಸುವ ಅಮೈಲೇಸ್ ಎಂಬ ಕಿಣ್ವಕ್ಕೆ ಕಾರಣವಾದ ಜೀನು ತೋಳದಲ್ಲಿ ಎರಡು ಪ್ರತಿಗಳಷ್ಟಿದ್ದರೆ, ನಾಯಿಗಳಲ್ಲಿ 4ರಿಂದ 30 ಪ್ರತಿಗಳವರೆಗೆ ಕಂಡುಬಂದಿತು. ಮನುಷ್ಯನ ಮನೆಯಂಗಳದಲ್ಲಿ ಸಾವಿರಾರು ವರ್ಷ ಬಾಳಿದುದರ ಫಲವಿದು. ಆದ್ದರಿಂದ ಚೆನ್ನಾಗಿ ಬೆಂದ ಧಾನ್ಯ ನಾಯಿಗೆ ಪರಕೀಯವಲ್ಲ.

ಹಾಗಾದರೆ ವಾಯುವೇಕೆ? ಕಡಲೆಯಲ್ಲಿ ರ್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಇವುಗಳನ್ನು ಒಡೆಯುವ ಕಿಣ್ವ ನಾಯಿಯ ಸಣ್ಣ ಕರುಳಿನಲ್ಲಿ ಇಲ್ಲ, ನಮ್ಮಲ್ಲಿಯೂ ಇಲ್ಲ. ಅವು ಹಾಗೆಯೇ ದೊಡ್ಡ ಕರುಳಿಗಿಳಿದು, ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ವಾಯುವನ್ನುಂಟುಮಾಡುತ್ತವೆ. ಅಭ್ಯಾಸವಿಲ್ಲದ ನಾಯಿ ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ ಕಾಣಿಸಿಕೊಳ್ಳುತ್ತವೆ.

ಸಿದ್ಧಪಡಿಸುವ ಕ್ರಮ

ಕಡಲೆಯನ್ನು ರಾತ್ರಿ ನೆನೆಯಿಟ್ಟು, 8ರಿಂದ 12 ಗಂಟೆಗಳ ತರುವಾಯ ಆ ನೀರನ್ನು ಚೆಲ್ಲಿ ತೊಳೆಯಬೇಕು. ಮೇಲೆ ಹೇಳಿದ ಸಕ್ಕರೆಗಳ ಒಂದು ಪಾಲು ಆ ನೀರಿನೊಡನೆಯೇ ಹೋಗುತ್ತದೆ. ಅನಂತರ ಹೊಸ ನೀರಿನಲ್ಲಿ, ಉಪ್ಪು ಹಾಕದೆ, ಬೆರಳಿನಿಂದ ಒತ್ತಿದರೆ ಹಿಟ್ಟಾಗುವಷ್ಟು ಮೆತ್ತಗೆ ಕುಕ್ಕರಿನಲ್ಲಿ ಬೇಯಿಸಬೇಕು. ಹಸಿಯ ಕಾಳಿನಲ್ಲಿ ಪ್ರೋಟೀನಿನ ಜೀರ್ಣಕ್ಕೆ ತಡೆಯೊಡ್ಡುವ ಅಂಶಗಳಿದ್ದು, ಕುದಿಯುವ ಶಾಖಕ್ಕೆ ಅವು ಬಹುಮಟ್ಟಿಗೆ ನಾಶವಾಗುತ್ತವೆ. ಬೆಂದ ಕಾಳನ್ನು ಆರಿಸಿ, ಕಿವುಚಿ, ನಾಯಿಯ ಎಂದಿನ ಆಹಾರದಲ್ಲಿ ಬೆರೆಸಿ ಕೊಡಬೇಕು. ಮೊದಲ ದಿನ ಐದಾರು ಕಾಳು ಸಾಕು. ಎರಡು ದಿನ ಮಲವಿಸರ್ಜನೆಯನ್ನು ಗಮನಿಸಿ, ತೊಂದರೆಯಿಲ್ಲವೆಂದಾದರೆ ಕ್ರಮೇಣ ಹೆಚ್ಚಿಸಬಹುದು.

ಎಷ್ಟು ಕೊಡಬಹುದು? ಮುಖ್ಯ ಆಹಾರದ ಹೊರತಾದ ತಿನಿಸುಗಳೆಲ್ಲವೂ ಸೇರಿ ದಿನದ ಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರಕೂಡದೆಂಬುದು ಪಶುವೈದ್ಯರು ಹೇಳುವ ನಿಯಮ. 10 ಕಿಲೋ ತೂಕದ ಆರೋಗ್ಯವಂತ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕೆಂದಿಟ್ಟುಕೊಂಡರೆ, ಹತ್ತನೆಯ ಪಾಲು 60 ಕ್ಯಾಲೊರಿ. ಎಂದರೆ ಬೆಂದ ಕಡಲೆ ಹೆಚ್ಚೆಂದರೆ 35 ಗ್ರಾಂ. ಅಂದು ಬಿಸ್ಕತ್ತು ಮೊದಲಾದವನ್ನು ಕೊಟ್ಟಿದ್ದರೆ ಅದನ್ನೂ ಇದರಲ್ಲಿಯೇ ಕಳೆಯಬೇಕು. ಎರಡು ದೊಡ್ಡ ಚಮಚದಷ್ಟು, ಅದೂ ವಾರದಲ್ಲಿ ಒಂದೆರಡು ಸಲ ಕೊಟ್ಟರೆ ಧಾರಾಳವಾಯಿತು.

ವರ್ಜ್ಯವಾದುವು

1. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಕಡಲೆ: ದಿಲ್ಲಿಯ ಛೋಲೆಯಾಗಲಿ, ಮುಂಬಯಿಯ ಚನಾ ಮಸಾಲೆಯಾಗಲಿ, ನಾಯಿಗೆ ಸಲ್ಲದು. ಈರುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿಮಾಡಿದರೂ ಈ ಗುಣ ಹೋಗದು. ದೇಹತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ರಕ್ತಕ್ಕೆ ಹಾನಿ ಮಾಡಬಲ್ಲದು. ಚಿಹ್ನೆಗಳು ಕೆಲವು ದಿನ ತಡವಾಗಿ ಕಾಣಿಸಿಕೊಳ್ಳಬಹುದಾದ್ದರಿಂದ ಕಾರಣವೇ ಮರೆತುಹೋಗುವ ಅಪಾಯವುಂಟು.

2. ಡಬ್ಬಿಯ ಕಡಲೆ: ಇದರಲ್ಲಿ ಉಪ್ಪು ಹೆಚ್ಚು. ಅನಿವಾರ್ಯವಾದರೆ ಹಲವು ಸಲ ತೊಳೆದು ಬಳಸಬೇಕು.

3. ಹಸಿಯ ಕಾಳು, ಗಟ್ಟಿಯಾದ ಹುರಿಗಡಲೆ: ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಒಣಗಿದ ಕಾಳು ಒಳಗೆ ನೀರು ಹೀರಿ ಉಬ್ಬುತ್ತದೆ.

4. ಎಣ್ಣೆಯಲ್ಲಿ ಕರಿದುದು ಮತ್ತು ಹೋಳಿಗೆಯ ಹೂರಣದಂತಹ ಸಿಹಿ: ಜಿಡ್ಡು ಅತಿಯಾದರೆ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಎಡೆಯಾಗುತ್ತದೆ. ಸಿಹಿಯಲ್ಲಿ ಒಣದ್ರಾಕ್ಷಿಯಿದ್ದರಂತೂ ಮೂತ್ರಪಿಂಡಗಳಿಗೇ ಅಪಾಯ.

ಕಡಲೆ ಊಟವಲ್ಲ

ಸಸ್ಯಾಹಾರಿಗಳಾದ ನಮ್ಮ ಅನೇಕ ಕುಟುಂಬಗಳಲ್ಲಿ ನಾಯಿಗೂ ಅನ್ನ, ಹಾಲು, ಬೇಳೆಯೇ ಆಹಾರ. ಮಾಂಸಕ್ಕೆ ಬದಲಾಗಿ ಕಡಲೆ ಕೊಟ್ಟರೆ ಸಾಲದೆ ಎಂದು ಕೇಳುವವರುಂಟು. ಸಾಲದು. ಕಡಲೆಯ ಪ್ರೋಟೀನಿನಲ್ಲಿ ಮೆಥಿಯೊನೀನ್ ಎಂಬ ಅಮೈನೊ ಆಮ್ಲ ಕಡಿಮೆ. ಹೃದಯದ ಸ್ನಾಯುವಿಗೆ ಅಗತ್ಯವಾದ ಟಾರಿನ್ ಎಂಬ ವಸ್ತುವನ್ನು ನಾಯಿಯ ದೇಹ ತಯಾರಿಸಿಕೊಳ್ಳಲು ಇದು ಬೇಕು. ಅನ್ನ ಮತ್ತು ಕಡಲೆ ಸೇರಿದರೆ ಈ ಕೊರತೆ ಕೊಂಚ ತುಂಬುವುದಾದರೂ ಸುಣ್ಣದ ಅಂಶ ಸಾಲದೆಹೋಗುತ್ತದೆ. ಬೆಳೆಯುವ ಮರಿಯ ಮೂಳೆಗಳು ಇದರಿಂದ ದುರ್ಬಲವಾಗುತ್ತವೆ.

2018ರ ಜುಲೈಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಬಟಾಣಿ, ಬೇಳೆಕಾಳು, ಆಲೂಗಡ್ಡೆಗಳೇ ಪ್ರಧಾನವಾಗಿದ್ದ ಕೆಲವು ಸಿದ್ಧ ಆಹಾರಗಳನ್ನು ತಿಂದ ನಾಯಿಗಳಲ್ಲಿ ಹೃದಯ ಹಿಗ್ಗಿ ಬಲಗುಂದುವ ಕಾಯಿಲೆಯ ವರದಿಗಳನ್ನು ಪರಿಶೀಲಿಸುತ್ತಿರುವುದಾಗಿ ತಿಳಿಸಿತು. ಕಾಳುಗಳೇ ಕಾರಣವೆಂದು ಸಿದ್ಧಪಟ್ಟಿಲ್ಲ. ಆದರೂ ಕಾಳನ್ನು ಮುಖ್ಯ ಆಹಾರವಾಗಿಸದೆ ಉಪಾಹಾರವಾಗಿಯೇ ಇರಿಸುವುದು ವಿವೇಕ. ನಾಯಿಯನ್ನು ಸಸ್ಯಾಹಾರದಲ್ಲಿಯೇ ಬೆಳೆಸಬಯಸುವವರು ಪಶುವೈದ್ಯರ ಸಲಹೆಯಂತೆ ಪರಿಪೂರ್ಣ ಆಹಾರವನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ಎಚ್ಚರಿಕೆಯ ಚಿಹ್ನೆಗಳು

ಎಳೆಯ ಮರಿಗಳಿಗೆ, ಮೂತ್ರಪಿಂಡದ ಕಾಯಿಲೆ ಅಥವಾ ಮೂತ್ರದಲ್ಲಿ ಕಲ್ಲಿನ ತೊಂದರೆಯಿರುವ ನಾಯಿಗಳಿಗೆ ವೈದ್ಯರನ್ನು ಕೇಳದೆ ಕಡಲೆ ಕೊಡಬಾರದು. ಹೊಟ್ಟೆಯುಬ್ಬಿ, ನಾಯಿ ಚಡಪಡಿಸುತ್ತ, ಪದೇ ಪದೇ ಓಕರಿಸಿದರೂ ಏನೂ ಹೊರಬರದಿದ್ದರೆ ಅದು ಜಠರವೇ ತಿರುಚಿಕೊಂಡ ಲಕ್ಷಣವಿರಬಹುದು. ಆಗ ಬೆಳಗಾಗಲೆಂದು ಕಾಯದೆ, ಓಮದ ನೀರು ಮೊದಲಾದ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಕೂಡಲೇ ಪಶುಚಿಕಿತ್ಸಾಲಯಕ್ಕೆ ಒಯ್ಯಬೇಕು. ಒಸಡು ಬಿಳಿಚಿಕೊಂಡರೂ, ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿದರೂ ಹಾಗೆಯೇ.

ಊರಿನ ಮನೆಯಂಗಳದಲ್ಲಿ ನಾಯಿ ಸ್ವೇಚ್ಛೆಯಾಗಿ ಅಲೆದಾಡಿಕೊಂಡಿರುತ್ತಿತ್ತು. ಮಹಾನಗರದ ಎರಡು ಕೋಣೆಯ ಮನೆಯಲ್ಲಿ ಅದರ ಓಡಾಟವೂ ನಮ್ಮ ಕೈಯಲ್ಲಿ, ಊಟವೂ ನಮ್ಮ ಕೈಯಲ್ಲಿ. ಆದ್ದರಿಂದ ಹೊಣೆಯೂ ನಮ್ಮದೇ. ಪಕ್ಕದ ಮನೆಯ ಅಜ್ಜಿ ಈಗಲೂ ನವರಾತ್ರಿಗೆ ಉಸಲಿ ಮಾಡುತ್ತಾರೆ. ಉಪ್ಪು, ಒಗ್ಗರಣೆಗಳಿಗೆ ಮುನ್ನವೇ ಎರಡು ಚಮಚ ಬೆಂದ ಕಾಳನ್ನು ಪುಟ್ಟ ಬಟ್ಟಲಿಗೆ ತೆಗೆದಿರಿಸಿ, “ಇದು ನಿಮ್ಮ ಮೋತಿಯ ಪಾಲಪ್ಪಾ” ಎಂದು ಕೊಡುತ್ತಾರೆ. ಅಜ್ಜಿಯ ಪ್ರೀತಿಗೂ ಕುಂದಿಲ್ಲ, ಮೋತಿಯ ಹೊಟ್ಟೆಗೂ ಕೇಡಿಲ್ಲ.